ಮಣ್ಣಿಗೆ ಬಂದವನು

ನಮ್ಮ ಊರಿಗೂ ಚಿತ್ತಾಪುರ ರಸ್ತೆಗೂ ನಡುವೆ ಒಂದು ಹಳ್ಳವಿದೆ. ಸರ್ಕಾರದ ಲೆಕ್ಕದಲ್ಲಿ ಅದರ ಮೇಲೆ ಒಂದು ಸಣ್ಣ ಸೇತುವೆಯೂ ಇದೆ. ದಂಡೆಯ ಮೇಲೆ ಕಾಮಗಾರಿಯ ಫಲಕ ನಿಲ್ಲಿಸಿದ್ದಾರೆ. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ, ಕೆಲಸದ ಹೆಸರು, ಯೋಜನೆಯ ಹೆಸರು, ಕೆಳಗೆ ಪೂರ್ಣಗೊಂಡಿದೆ ಎಂಬ ಮಾತು. ಫಲಕ ಗಟ್ಟಿಯಾಗಿದೆ, ಎಮ್ಮೆ ಬಂದು ಮೈ ತಿಕ್ಕಿದರೂ ಅಲುಗುವುದಿಲ್ಲ. ಸೇತುವೆ ಮಾತ್ರ ಇಲ್ಲ. ಬೇಸಿಗೆಯಲ್ಲಿ ಹಳ್ಳದ ಉಸುಕಿನಲ್ಲೇ ಇಳಿದು ಆಚೆ ಹತ್ತುತ್ತೇವೆ. ಮಳೆ ಬಂದು ನೀರು ಏರಿದರೆ ದಂಡೋತಿ ಕಡೆಯಿಂದ ಸುತ್ತು ಹಾಕಬೇಕು.

ಹೋದ ಮಳೆಗಾಲದ ಒಂದು ಮಧ್ಯಾಹ್ನ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದವಳು ಎದೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಆಂಬುಲೆನ್ಸ್ ಬೇಗನೇ ಬಂತು. ಹಳ್ಳದ ಆಚೆ ದಂಡೆಯ ತನಕ ಬಂತು. ಈಚೆ ದಂಡೆಯಲ್ಲಿ ನಿಂತು ನಾವು ಅದರ ದೀಪ ತಿರುಗುವುದನ್ನು ನೋಡಿದೆವು. ನಡುವೆ ರಾಡಿ ನೀರು ಸೊಂಟಕ್ಕಿಂತ ಮೇಲೆ ಹರಿಯುತ್ತಿತ್ತು. ಡ್ರೈವರ್ ಇಳಿದು ಬಂದು ನೀರು ನೋಡಿ, ಆಗುವುದಿಲ್ಲ ಎಂದು ಕೈ ಅಲ್ಲಾಡಿಸಿದ. ಆಮೇಲೆ ಓಣಿಯ ಟಂಟಂ ಆಟೋದಲ್ಲಿ ಅವಳನ್ನು ಮಲಗಿಸಿಕೊಂಡು ಸುತ್ತಿನ ದಾರಿ ಹಿಡಿದೆವು. ತಲೆ ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಅವಳ ಕೈ ನನ್ನ ಕೈಯಲ್ಲಿ ಸಡಿಲವಾಯಿತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಆ ಸೇತುವೆ ಕಟ್ಟಿಸಿದವನು, ಅಂದರೆ ಕಟ್ಟಿಸಿದ್ದೇನೆ ಎಂದು ಬಿಲ್ಲು ಎತ್ತಿದವನು, ನಮ್ಮ ವಾರ್ಡಿನ ಪಂಚಾಯಿತಿ ಮೆಂಬರ. ನಮ್ಮ ಓಣಿಯವನೇ. ನನ್ನನ್ನು ಅಣ್ಣಾ ಎನ್ನುತ್ತಾನೆ, ಅವಳನ್ನು ವೈನಿ ಎನ್ನುತ್ತಿದ್ದ. ಅವಳು ತೀರಿದ ಸುದ್ದಿ ಕೇಳಿ ಮನೆಗೆ ಮೊದಲು ಬಂದವನು ಅವನೇ.

ನಮ್ಮ ಕಡೆ ಹೂಳುವ ಕ್ರಿಯೆಗೆ ಮಣ್ಣು ಎನ್ನುತ್ತೇವೆ. ಯಾರು ಯಾರ ಮಣ್ಣಿಗೆ ಬಂದರು, ಯಾರು ಬರಲಿಲ್ಲ ಎಂಬುದನ್ನು ಮನೆಗಳು ಮರೆಯುವುದಿಲ್ಲ. ಮದುವೆಗೆ ಬರದಿದ್ದರೆ ನಡೆಯುತ್ತದೆ. ಮಣ್ಣಿಗೆ ಬರದವನ ಮನೆಯ ನೀರನ್ನೂ ಕೆಲವರು ಮುಟ್ಟುವುದಿಲ್ಲ. ಈ ಮೆಂಬರ ಯಾರ ಮಣ್ಣನ್ನೂ ತಪ್ಪಿಸಿದವನಲ್ಲ. ಅವತ್ತು ಎರೆಭೂಮಿ ನೆನೆದು ಮೆತ್ತಗಾಗಿ, ಅಗೆದಷ್ಟೂ ಕುಣಿಯ ಗೋಡೆ ಒಳಗೆ ಕುಸಿಯುತ್ತಿತ್ತು. ಅವನು ಎಲ್ಲಿಂದಲೋ ಜೆಸಿಬಿ ತರಿಸಿದ. ಕುಣಿಯೊಳಗೆ ನೀರು ಜಿನುಗಿದಾಗ ತಾನೇ ಪ್ಯಾಂಟು ಮಡಿಚಿಕೊಂಡು ಕೆಳಗಿಳಿದು ಬಕೆಟಿನಿಂದ ನೀರು ಎತ್ತಿಹಾಕಿದ. ನನ್ನ ಹೆಂಡತಿಯನ್ನು ಕೂರಿಸಿ ಹೂಳುವ ಜಾಗ ಒಣಗಿರಲಿ ಎಂದು ತಳಕ್ಕೆ ವಿಭೂತಿ, ಬಿಲ್ವಪತ್ರೆ ಸುರಿದು ಕೈಯಿಂದ ಸಮ ಮಾಡಿದ. ಮೇಲೆ ಬಂದಾಗ ಅವನ ಮೈಯೆಲ್ಲ ಕೆಸರು. ಅಳುತ್ತಿದ್ದ. ಆ ಅಳು ಸುಳ್ಳು ಎಂದು ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ. ನನ್ನನ್ನು ಹೆಚ್ಚು ಸಿಟ್ಟಿಗೆಬ್ಬಿಸುವುದು ಅದೇ.

ನನ್ನದು ಹಿಟ್ಟಿನ ಗಿರಣಿ. ಜೋಳ, ಗೋಧಿ, ಕಡಲೆ ಬೀಸುತ್ತೇನೆ. ಮೋಟಾರಿನ ಸದ್ದಿನಲ್ಲಿ ನಾನು ಮಾತು ಕಲಿಯಲೇ ಇಲ್ಲ. ಮಾತೆಲ್ಲ ಅವಳದು. ಡಬ್ಬಿ ಇಸಿದುಕೊಳ್ಳುವವಳು, ಸರದಿ ನೋಡುವವಳು, ಜಗಳ ಬಿಡಿಸುವವಳು ಅವಳೇ. ಮೆಂಬರ ಜೋಳ ತಂದಾಗಲೆಲ್ಲ, "ಏನೋ ತಮ್ಮಾ, ಬ್ರಿಜ್ ಡಬ್ಬಿಯಾಗ ಇಟಗೊಂಡ್ ಬಂದಿಯೇನು?" ಎಂದು ಎಲ್ಲರ ಎದುರಿಗೆ ಕೇಳುತ್ತಿದ್ದಳು. ಅವನೂ ನಗುತ್ತಿದ್ದ, ಕಾಯುತ್ತಿದ್ದ ಮಂದಿಯೂ ನಗುತ್ತಿದ್ದರು.

ದಸರಾ ಮುಗಿದ ಮೇಲೆ ಶಾಲೆಯ ಅಂಗಳದಲ್ಲಿ ಗ್ರಾಮಸಭೆ ಸೇರಿತು. ಉದ್ಯೋಗ ಖಾತ್ರಿಯ ಕೆಲಸಗಳನ್ನು ಪರಿಶೀಲಿಸಿದವರು ಬಂದು ತಾವು ಕಂಡದ್ದನ್ನು ಜನರ ಮುಂದೆ ಓದಿ ಹೇಳುವ ಸಭೆ ಅದು. ಒಬ್ಬ ಹುಡುಗಿ ಮೈಕು ಹಿಡಿದು ಒಂದೊಂದೇ ಕೆಲಸದ ಹೆಸರು ಓದಿದಳು. ನಮ್ಮ ಹಳ್ಳದ ಸರದಿ ಬಂತು. "ಕಿರುಸೇತುವೆ ನಿರ್ಮಾಣ. ಮೊತ್ತ ಪೂರ್ತಿ ಪಾವತಿಯಾಗಿದೆ. ಸ್ಥಳ ಪರಿಶೀಲನೆಯಲ್ಲಿ ಕಾಮಗಾರಿ ಕಂಡುಬಂದಿರುವುದಿಲ್ಲ."

ಹಿಂದಿನಿಂದ ಒಬ್ಬ ಕೂಗಿದ. "ಹರಕೊಂಡ್ ಹೋಗ್ಯಾದ್ರಿ ಮೇಡಂ. ಕಾಗಿಣಾ ಹೊಳ್ಯಾಗ ಇಳದು ಹುಡುಕ್ರಿ, ಸಿಗ್ತದ!"

"ನೀವು ನೀರಿಲ್ಲದಾಗ ಬಂದೀರಿ," ಎಂದ ಇನ್ನೊಬ್ಬ. "ಅದು ನೀರಾಗ ಅಷ್ಟೇ ಕಾಣೂ ಬ್ರಿಜ್ ಅದ."

ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಮೆಂಬರ ಎದ್ದು ನಿಂತು, "ಬೋರ್ಡ್ ಅಂತೂ ಕಂಡದಲ್ರಿ ಮೇಡಂ? ಅಷ್ಟರ ಬರ್ಕೋರಿ," ಎಂದ. ಮತ್ತೆ ನಗು. ಆ ಹುಡುಗಿಯೂ ತುಟಿ ಕಚ್ಚಿಕೊಂಡು ಮುಂದಿನ ಹಾಳೆ ತಿರುವಿದಳು.

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಒಬ್ಬರ ಕಣ್ಣು ನನ್ನ ಮೇಲೆ ಬಿತ್ತು, ಆಮೇಲೆ ಇನ್ನೊಬ್ಬರದು. ನಗು ಅಲ್ಲಲ್ಲೇ ನಿಂತಿತು. ಸಭೆ ಮುಗಿದ ಮೇಲೆ ಮೆಂಬರ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟು, "ಅಣ್ಣಾ, ಮನಸಿಗಿ ಹಚಗೋಬ್ಯಾಡ," ಎಂದ.

ಮನಸ್ಸಿಗೆ ಹಚ್ಚಿಕೊಂಡೆ. ಪಂಚಾಯಿತಿ ಚುನಾವಣೆ ಹತ್ತಿರ ಬಂದಿತ್ತು. ನನಗೆ ಬೇಕಾಗಿದ್ದುದು ಒಂದೇ. ಅವನು ನಮ್ಮ ವಾರ್ಡಿನಲ್ಲಿ ಸೋಲಬೇಕು. ಹಳ್ಳದ ಈಚೆ ದಂಡೆಯಲ್ಲಿ ನಾನು ನಿಂತಂತೆ ಇನ್ನೊಬ್ಬ ನಿಲ್ಲಬಾರದು. ಜನ ನಗುವುದು ಸರಿಯಾಗಿ ತಿಳಿಯದೆ, ಬಿಡಿಸಿ ಹೇಳಿದರೆ ತಿಳಿದುಕೊಳ್ಳುತ್ತಾರೆ ಎಂದು ನಂಬಿದೆ. ಮಾತೇ ಬಾರದ ನಾನು ಗಿರಣಿಗೆ ಬಂದವರಿಗೆಲ್ಲ ಹೇಳಲು ಸುರು ಮಾಡಿದೆ. ಮೋಟಾರಿನ ಸದ್ದಿನ ಮೇಲೆ ಕೂಗಿ ಕೂಗಿ ಹೇಳಿದೆ. ಬಿಲ್ಲು ಆಗಿದೆ, ಸೇತುವೆ ಆಗಿಲ್ಲ, ಆಂಬುಲೆನ್ಸ್ ಆಚೆ ನಿಂತಿತ್ತು.

ಹಿಂದಿನ ಓಣಿಯ ಒಬ್ಬ ಮುದುಕಿ, ನಾವೆಲ್ಲ ಆಯಿ ಎನ್ನುವವಳು, ಮಗನನ್ನು ಕಳೆದುಕೊಂಡವಳು, ಪೂರ್ತಿ ಕೇಳಿಸಿಕೊಂಡಳು. "ತಿಂದಾನ ತಗೋ ಯಪ್ಪಾ," ಎಂದಳು. "ಯಾರ್ ತಿಂದಿಲ್ಲ? ಇವನ ಹೊಟ್ಟಿಯರ ಈಗ ತುಂಬ್ಯಾದ. ಹೊಸಬ ಬಂದ್ರ ಮೊದಲಿಂದ ತಿನ್ನಾಕ ಸುರು ಮಾಡ್ತಾನ. ನೀ ಹಿಟ್ಟಿನ ಕಡಿ ಲಕ್ಷ್ಯ ಕೊಡು, ತರಿತರಿ ಬೀಳಾಕತ್ಯಾದ, ಜರಾ ಸಣ್ಣಗ ಬೀಸು."

"ಆಯಿ, ಆ ಹಳ್ಳದಾಗ ನಾಳಿ ನಿನಗೂ ಹಿಂಗೇ ಆದ್ರ?"

"ಆದ್ರ ಆತು. ನನ್ನ ಮಣ್ಣಿಗಿ ಅಂವ ಬರ್ತಾನ. ನನ್ನ ಮಗನ ಮಣ್ಣಿಗಿ ಬಂದು ಹೆಗಲ ಕೊಟ್ಟಾನ. ಎದುರು ನಿಂತಾನಲ್ಲ ಆ ರೇಲ್ವೆದಂವ, ಬಂದಿದ್ನೇನು?"

ಎದುರು ನಿಂತವನು ವಾಡಿಯಲ್ಲಿ ರೇಲ್ವೆಯ ಗ್ಯಾಂಗಿನಲ್ಲಿ ದುಡಿದು ನಿವೃತ್ತನಾದವನು. ಒಬ್ಬರ ಕಾಸು ಮುಟ್ಟಿದವನಲ್ಲ. "ಅಂವ ಡ್ಯೂಟಿಮ್ಯಾಲ ಇದ್ದ ಆಯಿ," ಎಂದೆ.

"ಹೆಣಕ್ಕಿಂತ ಡ್ಯೂಟಿ ದೊಡ್ದೇನು?" ಎಂದು ಅವಳು ಡಬ್ಬಿಯ ಮುಚ್ಚಳ ಹಾಕಿಕೊಂಡು ಹೋದಳು.

ಎಲ್ಲರೂ ಹೀಗಿರಲಿಲ್ಲ. ನಮ್ಮ ಪಕ್ಕದ ಮನೆಯವನು ಶಹಾಬಾದಿನಲ್ಲಿ ಹಾಸುಗಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಹೋಗುತ್ತಾನೆ. ಅವನಿಗೆ ಹೇಳಿದಾಗ ಮುಖ ಕೆಂಪಾಯಿತು. "ಥೂ ಇವನ! ಹೆಣದ ಬಾಯಾಗಿನ ಅಕ್ಕಿ ತಿಂದಂಗಾತಲ್ಲ ಕಾಕಾ! ಈ ಸಲ ಹ್ಯಾಂಗ ಆರಿಸಿ ಬರ್ತಾನ ನಾನೂ ನೋಡ್ತೀನಿ." ಅವನಂಥವರು ಇನ್ನೂ ಬಹಳ ಮಂದಿ ಸಿಕ್ಕರು. ಒಬ್ಬ ಹೆಣ್ಣುಮಗಳು ಹಿಟ್ಟು ಇಸಿದುಕೊಳ್ಳುತ್ತಾ ಕಣ್ಣೀರು ಹಾಕಿದಳು. ನನ್ನ ಮಾತು ಕೆಲಸ ಮಾಡುತ್ತಿದೆ ಎಂದು ನನಗೆ ಒಳಗೊಳಗೇ ಧೈರ್ಯ ಬಂತು. ಕೆಲವು ವಾರ ಬಿಟ್ಟು ಪಕ್ಕದ ಮನೆಯವನು, "ನೀವು ಹೇಳಿದಾಗಿಂದ ನನಗ ಓಟು ಅಂದ್ರೇ ಹೇಸಿಗಿ ಬಂದದ ಕಾಕಾ," ಎಂದ. ಅದನ್ನೂ ನನ್ನ ಗೆಲುವು ಎಂದೇ ತಿಳಿದೆ.

ರೇಲ್ವೆಯವನು ಒಂದು ದಿನ ಗಿರಣಿಗೆ ಬಂದು ಚಪ್ಪಲಿ ಹೊರಗೆ ಬಿಟ್ಟು ನಿಂತ. ತನಗೆ ಓಟು ಹಾಕಿರಿ ಎಂದು ಕೇಳಲು ಅವನಿಗೆ ನಾಚಿಕೆ. "ನೀವಾದ್ರೂ ನಾಕ್ ಮಂದಿಗಿ ಹೇಳ್ರಿ ಅಣ್ಣಾರ," ಎಂದ. ನನಗೂ ಆಗಲಿಲ್ಲ. ಸಾವಾದ ಮನೆಯವನು ವರ್ಷ ತುಂಬುವ ತನಕ ಮಂದಿಯ ಹತ್ತಿರ ಏನನ್ನೂ ಬೇಡಬಾರದು, ಯಾವುದಕ್ಕೂ ಕರೆಯಬಾರದು ಎಂಬುದು ನಮ್ಮಲ್ಲಿ ನಡೆದು ಬಂದದ್ದು. ಸತ್ತವರ ಹೆಸರಿನಲ್ಲಿ ಬೇಡಿದ ಹಾಗಾಗುತ್ತದೆ ಎನ್ನುತ್ತಾರೆ. ಹಾಗಾಗಿ ಮೆಂಬರ ತಿಂದ ಎಂದಷ್ಟೇ ನಾನು ಎಲ್ಲರಿಗೂ ಹೇಳಿದೆ. ರೇಲ್ವೆಯವನಿಗೆ ಹಾಕಿರಿ ಎಂದು ಒಬ್ಬರಿಗೂ ಹೇಳಲಿಲ್ಲ. ರೇಲ್ವೆಯವನು ತಾನು ಕೇಳಲಿಲ್ಲ, ನಾನು ಅವನ ಪರ ಕೇಳಲಿಲ್ಲ. ಇಬ್ಬರೂ ಮರ್ಯಾದಸ್ಥರಾಗಿ ಸುಮ್ಮನಿದ್ದೆವು.

ಮೆಂಬರನಿಗೆ ಅಂಥ ನಾಚಿಕೆ ಏನೂ ಇರಲಿಲ್ಲ. ನಾನು ಅವನ ಬಗ್ಗೆ ಏನು ಹೇಳುತ್ತಿದ್ದೇನೆ ಎಂಬುದು ಗೊತ್ತಿದ್ದೂ ಬಂದ. ಜೋಳದ ಚೀಲದ ಮೇಲೆ ಕೂತ.

"ಅಣ್ಣಾ, ನೀ ನನ್ನ ಬೈಯಿ. ನಿನಗ ಹಕ್ಕದ. ಖರೇ ಹೇಳು, ವೈನಿ ಇದ್ದಿದ್ರ ಏನ್ ಮಾಡ್ತಿದ್ರು? ನನ್ನ ಬೈದು ಬೈದು ಕಡೀಗಿ ನನಗೇ ಹಾಕತಿದ್ರು."

"ಬ್ರಿಜ್ ಎಲ್ಲದ?" ಎಂದೆ.

"ಮಾಡ್ತೀನಲ್ಲ. ಮ್ಯಾಲಿನವರಿಗಿ ಕೊಟ್ಟು ಕೊಟ್ಟು ನನ್ನ ಕೈಯಾಗ ಏನ್ ಉಳೀತು? ನೀವೆಲ್ಲಾ ನನ್ನೊಬ್ಬನ್ನೇ ಹಿಡಕೊಂಡ್ ಕುಂತೀರಿ."

ಅವಳು ಅವನಿಗೇ ಹಾಕುತ್ತಿದ್ದಳು ಎಂಬುದು ನಿಜ. ಹಿಂದಿನ ಸಲ ಹಾಗೇ ಮಾಡಿದ್ದಳು. ಯಾಕೆ ಎಂದು ಕೇಳಿದರೆ, "ನಮ್ಮ ಅತ್ತಿ ಮಣ್ಣಿಗಿ ಬಂದಿದ್ನಲ್ರಿ," ಎಂದಿದ್ದಳು. ಅದು ನೆನಪಾಗಿ ನನಗೆ ಅವನ ಮೇಲೆ, ಆಯಿಯ ಮೇಲೆ, ಸತ್ತು ಮಣ್ಣಲ್ಲಿರುವ ನನ್ನ ಹೆಂಡತಿಯ ಮೇಲೂ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡರೆ ಅದನ್ನು ತಗೊಂಡು ಎಲ್ಲಿಗೆ ಹೋಗಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ.

ಓಟಿನ ದಿನ ಗಿರಣಿ ಮುಚ್ಚಿ ಶಾಲೆಗೆ ಹೋಗಿ ನನ್ನದನ್ನು ಹಾಕಿ ಬಂದೆ. ಸಾಲು ದೊಡ್ಡದಿರಲಿಲ್ಲ. ಬಿಸಿಲಿಗೆ ಸಂಜೆ ಬರುತ್ತಾರೆ ಎಂದುಕೊಂಡೆ.

ಮರುದಿನ ಗಿರಣಿ ತೆರೆದೆ. ಹಿಟ್ಟಿನ ಡಬ್ಬಿ ಇಸಿದುಕೊಳ್ಳಲು ಜನ ಎರಡೂ ಕೈ ಮುಂದೆ ಚಾಚುತ್ತಾರೆ. ಆಯಿ ಚಾಚಿದಾಗ ಎಡಗೈ ಬೆರಳಿನ ಮೇಲೆ ಶಾಯಿ ಎದ್ದು ಕಾಣಿಸಿತು. "ಹಾಕಿದಿ ಆಯಿ?" ಎಂದೆ. "ಹಾಕ್ದೆ. ಯಾರಿಗಂತ ಕೇಳಬ್ಯಾಡ, ನಿನಗ ಸಂಕಟ ಆಗ್ತದ," ಎಂದು ನಕ್ಕಳು. ಅವಳ ಹಿಂದೆ ಪಕ್ಕದ ಮನೆಯವನು ನಿಂತಿದ್ದ. ಅವನೂ ಕೈ ಚಾಚಿದ. ಉಗುರಿನ ಸಂದಿಯಲ್ಲಿ ಕಲ್ಲಿನ ಬಿಳಿ ಪುಡಿ ಇತ್ತು. ಶಾಯಿ ಇರಲಿಲ್ಲ.

"ಹೋಗಲಿಲ್ಲೇನೋ?"

"ನಿನ್ನಿ ಡಬಲ್ ಹಾಜರಿ ರೊಕ್ಕ ಕೊಡ್ತೀನಂದ್ರು ಕಾಕಾ. ಹೋಗಿದ್ರೂ ಏನ್ ಆಗ್ತಿತ್ತು? ಎಲ್ಲಾರೂ ಅಂಥವರೇ."

ಆಮೇಲೆ ನಾನು ಮುಖ ನೋಡುವುದನ್ನು ಬಿಟ್ಟು ಕೈ ನೋಡತೊಡಗಿದೆ. ಕಣ್ಣೀರು ಹಾಕಿದ್ದ ಹೆಣ್ಣುಮಗಳ ಬೆರಳು ಸ್ವಚ್ಛ. ಚಿಂಚೋಳಿಯಲ್ಲಿ ಬಸುರಿಯಾದ ಅವಳ ಅಣ್ಣನ ಮಗಳಿಗೆ ಕುಬುಸ ಮಾಡುವ ಕಾರ್ಯ ಇತ್ತಂತೆ. ಥೂ ಎಂದು ಉಗಿದಿದ್ದ ಇನ್ನೊಬ್ಬ ಸೇಡಂಗೆ ಹೋಗಿದ್ದನಂತೆ, ತೊಗರಿ ಮಾರಲು. ನನ್ನ ಮಾತು ಕೇಳಿ ನಕ್ಕವರ, ತಿನ್ನಲಿ ಬಿಡು ಎಂದವರ ಬೆರಳಲ್ಲೆಲ್ಲ ಶಾಯಿ ಇತ್ತು. ಹೇಸಿಕೆ ಪಟ್ಟವರ ಬೆರಳುಗಳು ಬೋಳಾಗಿದ್ದವು. ನಾನು ಇಷ್ಟು ದಿನ ಗಂಟಲು ಹರಿದುಕೊಂಡು ಏನು ಮಾಡಿದೆ ಎಂಬುದು ಆಗ ಗೊತ್ತಾಯಿತು. ಅವನಿಗೆ ಹಾಕುವವರನ್ನು ನಾನು ಒಬ್ಬರನ್ನೂ ತಿರುಗಿಸಿರಲಿಲ್ಲ. ಅವನನ್ನು ಸೋಲಿಸಬಹುದಾಗಿದ್ದವರನ್ನು ಮನೆಯಲ್ಲಿ ಕೂರಿಸಿದ್ದೆ.

"ಅಲ್ರೋ," ಎಂದು ಕೂಗಿದೆ, "ನಿಮ್ಮ ಸಿಟ್ಟು ಅವನ ಮ್ಯಾಲಿತ್ತೋ, ಓಟಿನ ಡಬ್ಬಿ ಮ್ಯಾಲಿತ್ತೋ?"

"ಕಾಕಾಗ ಇತ್ತಿತ್ಲಾಗ ಸಿಟ್ಟು ಭಾಳ ಬರಾಕತ್ಯಾದ," ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. "ಒಬ್ಬರೇ ಆಗ್ಯಾರಲ್ಲ, ಪಾಪ."

ಎಣಿಕೆ ಚಿತ್ತಾಪುರದಲ್ಲಿ ಆಯಿತು. ಅವನು ಗೆದ್ದ. ಗೆದ್ದವನಿಗೂ ಸೋತವನಿಗೂ ನಡುವಿನ ಅಂತರ ನನ್ನ ಗಿರಣಿಗೆ ಒಂದು ಮುಂಜಾನೆ ಬರುವ ಡಬ್ಬಿಗಳಷ್ಟೂ ಇರಲಿಲ್ಲ.

ವಾರದೊಳಗೆ ಅವನು ಜೋಳ ಹೊತ್ತುಕೊಂಡು ಬಂದ. ಕಿವಿಯ ಹಿಂದೆ ಗುಲಾಲು ಇನ್ನೂ ಹೋಗಿರಲಿಲ್ಲ. ಸರದಿ ಬಿಟ್ಟು ಮುಂದೆ ಬರಲಿಲ್ಲ, ಎಲ್ಲರ ಹಿಂದೆ ಕೂತ. ಅದೂ ಅವನ ಒಳ್ಳೆಯ ಗುಣ. ಅವನ ಜೋಳವನ್ನು ಮೇಲೆ ಸುರಿದೆ.

"ಬ್ರಿಜ್?" ಎಂದೆ.

"ಈ ಸಲ ಪಕ್ಕಾ ಅಣ್ಣಾ. ನಿನ್ನ ಮ್ಯಾಲಿನ ಆಣಿ."

"ಹೋದ ಸಲಾನೂ ಪಕ್ಕಾ ಅಂದಿದ್ದಿ."

"ಯಾಕ ಹಿಂಗ ಮಾತಾಡ್ತಿ? ನಾ ಏನ್ ಪರಕೀಯ ಏನು? ವೈನಿ ಕುಣಿಯಾಗ ನಾನೇ ಇಳದೀನಿ. ನಾಳಿ ನಿನಗ ಏನರೆ ಆದ್ರೂ ಮೊದಲ ಬರಾಂವ ನಾನೇ."

ಆ ಹೊತ್ತಿಗೆ ಕರೆಂಟು ಹೋಯಿತು. ಬೆಲ್ಟು ನಿಧಾನವಾಗಿ ನಿಂತಿತು. ಸದ್ದು ಅಡಗಿದ ಗಿರಣಿಯಲ್ಲಿ ನಾನು, ನನಗೇ ಗೊತ್ತಿಲ್ಲದೆ, ಮೋಟಾರು ನಡೆಯುವಾಗ ಕೂಗುವಷ್ಟೇ ಜೋರಾಗಿ ಹೇಳಿದೆ:

"ನನ್ನ ಮಣ್ಣಿಗಿ ನೀ ಬರಬ್ಯಾಡ."

ಮೆಂಬರ ಮೊದಲು ನಗಲು ನೋಡಿದ. ಆಗಲಿಲ್ಲ. ಅರ್ಧ ಬೀಸಿದ ಜೋಳ ಅಲ್ಲೇ ಬಿಟ್ಟು ಎದ್ದು ಹೋದ.

ಅವನು ಹೊರಗೆ ಹೋಗಿದ್ದೇ ತಡ, ಗಿರಣಿಯಲ್ಲಿದ್ದವರು ನನ್ನ ಮೇಲೆ ತಿರುಗಿಬಿದ್ದರು. ಇಷ್ಟು ತಿಂಗಳಲ್ಲಿ ಅವರಿಗೆ ಇಂಥ ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ.

"ಎಂಥಾ ಮಾತ್ ಅಂದ್ರಿ ಕಾಕಾ! ವೈರಿಗೂ ಹಿಂಗ ಅನಬಾರ್ದು," ಎಂದ ಪಕ್ಕದ ಮನೆಯವನು.

"ನಾಲಿಗಿ ಅದ ಅಂತ ಏನ್ ಬೇಕಾದ್ದು ಅನ್ನೂದಾ?" ಎಂದಳು ಆಯಿ. "ಆಕಿ ಕುಣಿ ನೀರು ತೋಡ್ಯಾನ ಅಂವ."

"ಅವನ ಬ್ರಿಜ್ ಇದ್ದಿದ್ರ ಕುಣೀನೇ ಬೇಕಾಗತಿದ್ದಿಲ್ಲ," ಎಂದೆ.

"ಅದು ಬ್ಯಾರೆ ಮಾತು, ಇದು ಬ್ಯಾರೆ ಮಾತು," ಎಂದಳು.

ಆಮೇಲೆ ಆಯಿ ಎರಡು ಸಲ ತನ್ನ ಜೋಳವನ್ನು ಆಚೆ ಓಣಿಯ ಗಿರಣಿಗೆ ಒಯ್ದಳು. ನಾನು ಹಾಗೆ ಅಂದ ಸುದ್ದಿ ಅವತ್ತೇ ಸಂಜೆ ದಂಡೋತಿ ಮುಟ್ಟಿತ್ತು. ಮರುದಿನ ತೆಂಗಳಿಯಿಂದ ನನ್ನ ನಾದಿನಿ, ಹೆಂಡತಿಯ ತಂಗಿ, ಫೋನು ಮಾಡಿದಳು. "ಮಾಮಾ, ಮೆಂಬರಗ ಹಂಗ ಅಂದ್ರಂತಲ್ಲ, ಖರೇ ಏನ್ರಿ?"

"ಅಂವ ಬ್ರಿಜ್ ತಿಂದ ಸುದ್ದಿ ನಿಮ್ಮೂರಿಗಿ ಬಂದಿತ್ತೇನವ್ವಾ?"

"ಅದು ಎಲ್ಲಾ ಊರಾಗ ಇದ್ದದ್ದೇ ಮಾಮಾ. ಇದು ಹಂಗಲ್ಲ. ಇದು ಭಾಳ ದೊಡ್ಡ ಮಾತು."

ಕಟ್ಟದ ಸೇತುವೆಯ ಸುದ್ದಿಯನ್ನು ಮೈಕಿನಲ್ಲಿ ಓದಿದರೂ ಊರು ದಾಟಲಿಲ್ಲ. ಗಿರಣಿಯೊಳಗೆ ಆಡಿದ ಒಂದು ಮಾತು ಎರಡು ತಾಲ್ಲೂಕು ತಿರುಗಿತು. ಈ ಜನಕ್ಕೆ ಸಿಟ್ಟು ಬರುವುದೇ ಇಲ್ಲ ಎಂದು ನಾನು ತಿಳಿದಿದ್ದೆ. ಬರುತ್ತದೆ. ಬರುವ ಜಾಗ ಬೇರೆ.

ಮೆಂಬರ ಈಗ ಗಿರಣಿಗೆ ಬರುವುದಿಲ್ಲ. ಮೊನ್ನೆ ಅವನ ಹೆಂಡತಿ ಬಂದಳು. ಉಳಿದಿದ್ದ ಜೋಳವನ್ನು ಬೀಸಿ ಇಟ್ಟಿದ್ದೆ, ಕೊಟ್ಟೆ. ಅವಳು ಡಬ್ಬಿ ಇಸಿದುಕೊಂಡರೂ ಹೋಗಲಿಲ್ಲ. ಬೇರೆಯವರು ಹೊರಗೆ ಹೋಗುವ ತನಕ ಕಾದಳು.

"ಅಣ್ಣಾರ, ಆ ಮಾತು ಹಿಂದಕ್ಕ ತಗೋರಿ," ಎಂದಳು. "ಮನ್ಯಾಗ ನೆಟ್ಟಗ ಉಣವಲ್ರು. ಯಾರರೆ ಮಣ್ಣಿಗಿ ಹೋದ್ರ ಮಂದಿ ಹಿಂದಿಂದ ಗುಸುಗುಸು ಅನ್ನಾಕತ್ಯಾರ. ಇಲೆಕ್ಷನ್ ಸೋತಿದ್ರೂ ಇಷ್ಟು ಸಂಕಟ ಮಾಡ್ಕೋತಿದ್ದಿಲ್ಲ."

ಆಕೆಯ ಮೇಲೆ ನನಗೆ ಸಿಟ್ಟು ಇರಲಿಲ್ಲ. ಕೂರಲು ಹೇಳಿದೆ, ಕೂರಲಿಲ್ಲ.

"ಬ್ರಿಜ್ ಕಟ್ಟಲಿ ತಂಗಿ," ಎಂದೆ. "ಕಟ್ಟಿದ ದಿನ ಅದರ ಮ್ಯಾಲಿಂದ ನಡದು ನಿಮ್ಮ ಮನಿಗಿ ಬಂದು ಆ ಮಾತು ಹಿಂದಕ್ಕ ತಗೋತೀನಿ."

"ಖರೇ ಅಂತೀರೇನ್ರಿ?"

"ಖರೇ."

ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಡಬ್ಬಿಯನ್ನು ಸೊಂಟಕ್ಕೆ ಏರಿಸಿ ಹೋದಳು. ಮಳೆಗಾಲ ಬರಲು ಇನ್ನೂ ಸ್ವಲ್ಪ ದಿನವಿದೆ. ಹಳ್ಳದ ಹತ್ತಿರ ಅಳತೆ ಹಾಕಲು ಯಾರೂ ಬಂದಿಲ್ಲ, ಒಂದು ಗಾಡಿ ಕಲ್ಲೂ ಬಿದ್ದಿಲ್ಲ. ನಾನೂ ಆ ಮಾತನ್ನು ಹಿಂದಕ್ಕೆ ತಗೊಂಡಿಲ್ಲ.